ಇಂಗ್ಲೆಂಡಿನ ಗ್ರಾಮಾಂತರದಲ್ಲಿ ಹೊಸ ಮನೆಗೆ ಯೋಜನಾ ಅನುಮತಿ

ಇಂಗ್ಲೆಂಡಿನಲ್ಲಿ ಜಮೀನು ಸ್ವಂತದ್ದಾದ ಮಾತ್ರಕ್ಕೆ ಅದರಲ್ಲಿ ಮನೆ ಕಟ್ಟುವ ಹಕ್ಕು ಬರುವುದಿಲ್ಲ. ಅದಕ್ಕೆ ಸ್ಥಳೀಯ ಯೋಜನಾ ಪ್ರಾಧಿಕಾರದ ಅನುಮತಿ ಬೇಕು. ಹೆಚ್ಚಿನ ಕಡೆ ಸ್ಥಳೀಯ ಕೌನ್ಸಿಲ್ಲೇ ಈ ಪ್ರಾಧಿಕಾರ. ರಾಷ್ಟ್ರೀಯ ಉದ್ಯಾನಗಳಲ್ಲಿ ಆಯಾ ಉದ್ಯಾನದ ಆಡಳಿತವೇ ತೀರ್ಮಾನಿಸುತ್ತದೆ. ಊರೊಳಗಿನ ಖಾಲಿ ಜಾಗಕ್ಕೆ ಸಿಗಬಹುದಾದ ಅನುಮತಿ ಊರಾಚೆಯ ಹೊಲಕ್ಕೆ ಸಿಗುವುದು ಕಷ್ಟ. ಅಲ್ಲಿ ನಿರಾಕರಣೆಯೇ ವಾಡಿಕೆ, ಒಪ್ಪಿಗೆ ಅಪವಾದ. ವೇಲ್ಸ್, ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡ್‌ಗಳ ನಿಯಮಗಳು ಬೇರೆ.

ಹಿನ್ನೆಲೆ

ಎರಡು ಮಹಾಯುದ್ಧಗಳ ನಡುವೆ ಮೋಟಾರು ವಾಹನಗಳು ಹೆಚ್ಚಿದಂತೆ ಪಟ್ಟಣಗಳಿಂದ ಹೊರಟ ರಸ್ತೆಗಳ ಇಕ್ಕೆಲಗಳಲ್ಲೂ ಮನೆಗಳ ಸಾಲು ಬೆಳೆಯಿತು. ಹಳ್ಳಿಗಾಡನ್ನು ಉಳಿಸಿಕೊಳ್ಳಲೆಂದು 1926ರಲ್ಲಿ ಗ್ರಾಮೀಣ ಇಂಗ್ಲೆಂಡ್ ಸಂರಕ್ಷಣಾ ಮಂಡಳಿ ಹುಟ್ಟಿತು. 1935ರಲ್ಲಿ ರಸ್ತೆಬದಿಯ ನಿರ್ಮಾಣಕ್ಕೆ ಕಡಿವಾಣ ಹಾಕುವ ಕಾಯ್ದೆ ಬಂತು. ವ್ಯವಸ್ಥೆಯ ತಳಹದಿ ಮಾತ್ರ 1947ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. 1948ರ ಜುಲೈ 1ರಂದು ಜಾರಿಗೆ ಬಂದ ಈ ಕಾಯ್ದೆ ಜಮೀನನ್ನು ಮಾಲೀಕರ ಬಳಿಯೇ ಉಳಿಸಿ, ಅದನ್ನು ಅಭಿವೃದ್ಧಿಪಡಿಸುವ ಹಕ್ಕನ್ನು ಸಾರ್ವಜನಿಕ ಹತೋಟಿಗೆ ತಂದಿತು. ಅಂದಿನಿಂದ ಅನುಮತಿ ಪಡೆದ ನಿವೇಶನಕ್ಕೆ ಪಕ್ಕದ ಹೊಲಕ್ಕಿಂತ ಹಲವು ಪಟ್ಟು ಬೆಲೆ.

ತೀರ್ಮಾನದ ಆಧಾರ

2004ರ ಯೋಜನಾ ಕಾಯ್ದೆಯ 38(6)ನೇ ಕಲಮಿನ ಪ್ರಕಾರ ತೀರ್ಮಾನವು ಆ ಪ್ರದೇಶದ ಅಭಿವೃದ್ಧಿ ಯೋಜನೆಗೆ ಅನುಗುಣವಾಗಿರಬೇಕು; ಬಲವಾದ ಇತರ ಕಾರಣಗಳಿದ್ದರೆ ಮಾತ್ರ ಅದರಿಂದ ಆಚೆ ಸರಿಯಬಹುದು. ಅನೇಕ ಕೌನ್ಸಿಲ್‌ಗಳ ನಕ್ಷೆಯಲ್ಲಿ ಪ್ರತಿ ಊರಿಗೂ ಒಂದು ಎಲ್ಲೆಗೆರೆ ಇರುತ್ತದೆ. ಗೆರೆಯ ಆಚೆಗಿನದು ‘ಬಯಲು ಗ್ರಾಮಾಂತರ’.

ಇದರ ಜೊತೆಗೆ 2012ರಲ್ಲಿ ಮೊದಲು ಪ್ರಕಟವಾದ ರಾಷ್ಟ್ರೀಯ ಯೋಜನಾ ನೀತಿ ಚೌಕಟ್ಟನ್ನೂ ನೋಡಬೇಕು. ಮುಂದಿನ ಐದು ವರ್ಷಗಳಿಗೆ ಸಾಲುವಷ್ಟು ವಸತಿ ಜಾಗವನ್ನು ಕೌನ್ಸಿಲ್ ತೋರಿಸಲಾಗದಿದ್ದರೆ ತಕ್ಕಡಿ ಸಾಮಾನ್ಯವಾಗಿ ಅರ್ಜಿದಾರನ ಕಡೆಗೆ ವಾಲುತ್ತದೆ. ಪಟ್ಟಣಗಳು ಹರಡದಂತೆ ಅವುಗಳ ಸುತ್ತ ಗುರುತಿಸಿದ, ದೇಶದ ಸುಮಾರು ಎಂಟನೇ ಒಂದು ಭಾಗವಾದ ‘ಹಸಿರು ಪಟ್ಟಿ’ಯಲ್ಲಿ ಹಳ್ಳಿಯ ಮನೆಗಳ ನಡುವಿನ ತೆರವು ತುಂಬುವಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ ಅತಿ ವಿಶೇಷ ಕಾರಣ ಕೊಡಬೇಕು.

ನೆರೆಯವರ ಆಕ್ಷೇಪಗಳೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ‘ನಮ್ಮ ಕಿಟಕಿಯ ನೋಟ ಹೋಗುತ್ತದೆ’, ‘ನಮ್ಮ ಮನೆಯ ಬೆಲೆ ಇಳಿಯುತ್ತದೆ’ ಎಂಬ ವಾದಗಳಿಗೆ ಕಿಮ್ಮತ್ತಿಲ್ಲ. ಬೆಳಕು ತಪ್ಪುವುದು, ಮನೆಯೊಳಗೆ ಇಣುಕುವಂತಾಗುವುದು, ನೆರೆ ನೀರು, ಸಂಚಾರದ ಅಪಾಯ, ಭೂದೃಶ್ಯಕ್ಕೆ ಆಗುವ ಹಾನಿ ಇವು ಪರಿಗಣನೆಗೆ ಅರ್ಹ.

ಒಂಟಿ ಮನೆಗೆ ಇರುವ ಅಪವಾದಗಳು

ಊರಿಂದ ದೂರದ ಒಂಟಿ ಮನೆಗಳಿಗೆ ಎಡೆಕೊಡಬಾರದು ಎನ್ನುವ ರಾಷ್ಟ್ರೀಯ ನೀತಿಯೇ ಐದು ಸಂದರ್ಭಗಳನ್ನು ಬಿಟ್ಟುಕೊಡುತ್ತದೆ: ಕೃಷಿ ಮುಂತಾದ ಗ್ರಾಮೀಣ ಕೆಲಸಗಾರ ಅಲ್ಲಿಯೇ ಇರಬೇಕಾದ ಅಗತ್ಯ, ಪಾರಂಪರಿಕ ಕಟ್ಟಡದ ಉಳಿವು, ಪಾಳುಬಿದ್ದ ಕಟ್ಟಡದ ಮರುಬಳಕೆ, ಇರುವ ಮನೆಯ ವಿಭಜನೆ ಮತ್ತು ಅಸಾಧಾರಣ ವಿನ್ಯಾಸ. ‘ಒಂಟಿ’ ಎಂದರೆ ಜನವಸತಿಯಿಂದ ಭೌತಿಕವಾಗಿ ಬೇರ್ಪಟ್ಟದ್ದು ಎಂದು ಎಸೆಕ್ಸ್‌ನ ಬ್ರೇನ್‌ಟ್ರೀ ಕೌನ್ಸಿಲಿನ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ 2018ರಲ್ಲಿ ಹೇಳಿತು. ಅಂಗಡಿ, ಬಸ್ಸು ದೂರವಿದ್ದ ಮಾತ್ರಕ್ಕೆ ಮನೆ ಒಂಟಿಯಾಗದು.

ರೈತನ ಅಗತ್ಯವನ್ನು ಕಟ್ಟುನಿಟ್ಟಾಗಿ ಅಳೆಯುತ್ತಾರೆ. ಕುರಿ ಮರಿ ಹಾಕುವ, ಹಸು ಕರು ಹಾಕುವ ಕಾಲದಲ್ಲಿ ರಾತ್ರಿಯಿಡೀ ಹತ್ತಿರ ಇರಬೇಕೆಂಬುದು ಒಪ್ಪಬಹುದಾದ ಕಾರಣ. ಆದರೆ ಬೇಸಾಯ ಲಾಭದಲ್ಲಿ ನಡೆಯುತ್ತಿದೆ ಎಂದು ಲೆಕ್ಕಪತ್ರವನ್ನೂ ತೋರಿಸಬೇಕಾಗುತ್ತದೆ. ಹೊಸ ಕಸುಬಾದರೆ ಮೊದಲು ತಾತ್ಕಾಲಿಕ ಮನೆಗೆ ಮಾತ್ರ ಒಪ್ಪಿಗೆ ಸಿಗುವುದು ರೂಢಿ. ಒಪ್ಪಿಗೆ ಸಿಕ್ಕ ಮೇಲೂ ಕೃಷಿ ಕೆಲಸಗಾರರೇ ಅಲ್ಲಿ ವಾಸಿಸಬೇಕೆಂಬ ಷರತ್ತು ಅಂಟಿಕೊಳ್ಳುತ್ತದೆ.

ವಿನ್ಯಾಸದ ಅಪವಾದವನ್ನು 1997ರಲ್ಲಿ ಪರಿಸರ ಸಚಿವ ಜಾನ್ ಗಮ್ಮರ್ ತಂದರು. ಹಳ್ಳಿಗಾಡಿನ ಬಂಗಲೆಗಳ ಪರಂಪರೆ ಮುಂದುವರಿಯಲಿ ಎಂಬುದು ಉದ್ದೇಶ. ದುಡ್ಡುಳ್ಳವರಿಗೆ ಮಾತ್ರ ತೆರೆದ ಬಾಗಿಲು ಎಂಬುದು ಟೀಕೆ. ಹಳೆಯ ಕೊಟ್ಟಿಗೆ, ಕಣಜಗಳನ್ನು ಮನೆಯಾಗಿಸಲು 2014ರಿಂದ ಪೂರ್ಣ ಅರ್ಜಿಯಿಲ್ಲದ ‘ಕ್ಲಾಸ್ ಕ್ಯೂ’ ಎಂಬ ಸರಳ ಮಾರ್ಗವಿದೆ. ಅಲ್ಲಿ ಇರುವುದನ್ನು ಮಾರ್ಪಡಿಸಬಹುದೇ ಹೊರತು ಹೊಸದಾಗಿ ಕಟ್ಟುವಂತಿಲ್ಲ. ರಾಷ್ಟ್ರೀಯ ಉದ್ಯಾನಗಳಿಗೆ ಈ ಮಾರ್ಗ ಅನ್ವಯಿಸುವುದಿಲ್ಲ.

ಅರ್ಜಿಯ ಹಾದಿ

ಒಂದು ಮನೆಯ ಅರ್ಜಿಗೆ ಎಂಟು ವಾರಗಳಲ್ಲಿ ತೀರ್ಮಾನ ಬರಬೇಕು. ಸ್ಥಳದಲ್ಲಿ ನೋಟಿಸು ಅಂಟಿಸಿದರೆ ಆಕ್ಷೇಪಣೆಗೆ 21 ದಿನ. ಊರಿನ ಪ್ಯಾರಿಷ್ ಕೌನ್ಸಿಲ್ ಅಭಿಪ್ರಾಯ ಹೇಳಬಹುದು, ತಡೆಯುವ ಅಧಿಕಾರ ಅದಕ್ಕಿಲ್ಲ. ಬಹುಪಾಲು ಅರ್ಜಿಗಳನ್ನು ಅಧಿಕಾರಿಗಳೇ ಇತ್ಯರ್ಥಪಡಿಸುತ್ತಾರೆ. ವಿವಾದವಿದ್ದವು ಚುನಾಯಿತ ಸದಸ್ಯರ ಸಮಿತಿಗೆ ಹೋಗುತ್ತವೆ.

ಅರ್ಜಿ ಬೀಳುವುದು ಎಷ್ಟೋ ಸಲ ಸಣ್ಣ ಸಂಗತಿಗಳಲ್ಲಿ. ಮನೆಯ ದಾರಿ ರಸ್ತೆಗೆ ಸೇರುವಲ್ಲಿ, ಅಂಚಿನಿಂದ 2.4 ಮೀಟರು ಹಿಂದೆ ನಿಂತ ಚಾಲಕನಿಗೆ ಎರಡೂ ಕಡೆ ರಸ್ತೆ ಕಾಣಬೇಕು: ಗಂಟೆಗೆ 30 ಮೈಲಿ ವೇಗದ ಬೀದಿಯಲ್ಲಿ ಸಾಮಾನ್ಯವಾಗಿ 43 ಮೀಟರು, 60 ಮೈಲಿಯ ರಸ್ತೆಯಲ್ಲಿ 215 ಮೀಟರು. ಅಷ್ಟು ನೋಟ ಬಿಡಿಸಲು ಪಕ್ಕದವರ ಬೇಲಿಸಾಲು ಕಡಿಯಬೇಕಾದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಹಳೆಯ ಕೊಟ್ಟಿಗೆಯಲ್ಲಿ ಬಾವಲಿಗಳಿರುವ ಸುಳಿವಿದ್ದರೆ ಮೇಯಿಂದ ಸೆಪ್ಟೆಂಬರ್‌ವರೆಗೆ ಸಂಜೆಯ ಸಮೀಕ್ಷೆ ಆಗಬೇಕು; ಆ ಅವಧಿ ತಪ್ಪಿದರೆ ಮುಂದಿನ ವರ್ಷವೇ ಗತಿ.

ಮೇಲ್ಮನವಿ ಮತ್ತು ಉಲ್ಲಂಘನೆ

ಅನುಮತಿ ಸಿಕ್ಕರೆ ಸಾಮಾನ್ಯವಾಗಿ ಮೂರು ವರ್ಷಗಳೊಳಗೆ ಕೆಲಸ ಶುರುವಾಗಬೇಕು. ನಿರಾಕರಿಸಿದರೆ ಆರು ತಿಂಗಳೊಳಗೆ ಪ್ಲಾನಿಂಗ್ ಇನ್‌ಸ್ಪೆಕ್ಟರೇಟ್‌ಗೆ ಮೇಲ್ಮನವಿ ಸಲ್ಲಿಸಬಹುದು. ಅನುಮತಿ ಕೊಟ್ಟದ್ದನ್ನು ಪ್ರಶ್ನಿಸಲು ನೆರೆಯವರಿಗೆ ಮೇಲ್ಮನವಿಯ ಹಕ್ಕಿಲ್ಲ; ಆರು ವಾರಗಳೊಳಗೆ ಹೈಕೋರ್ಟಿನ ಮೊರೆಹೋಗಬಹುದಷ್ಟೆ.

ಅನುಮತಿಯಿಲ್ಲದ ಮನೆ ನಾಲ್ಕು ವರ್ಷ ಯಾರ ತಕರಾರಿಗೂ ಸಿಗದಿದ್ದರೆ ಕ್ರಮದಿಂದ ಪಾರಾಗುತ್ತಿತ್ತು. 2024ರ ಏಪ್ರಿಲ್‌ನಿಂದ ಈ ಅವಧಿ ಹತ್ತು ವರ್ಷ. ಹಳೆಯ ನಿಯಮವನ್ನು ನಂಬಿ ಸರ್ರೆಯ ರೈತನೊಬ್ಬ ಒಣಹುಲ್ಲಿನ ಪೆಂಡಿಗಳ ಗೋಡೆಯ ಹಿಂದೆ ಕೋಟೆಯಂಥ ಮನೆ ಕಟ್ಟಿ, ಒಳಗೇ ಸಂಸಾರ ನಡೆಸಿ, 2006ರಲ್ಲಿ ಹುಲ್ಲು ಸರಿಸಿದ. ಹುಲ್ಲು ತೆಗೆಯುವುದೂ ನಿರ್ಮಾಣದ ಭಾಗವೇ, ಆದ್ದರಿಂದ ನಾಲ್ಕು ವರ್ಷದ ಎಣಿಕೆ ಇನ್ನೂ ಮುಗಿದಿಲ್ಲ ಎಂಬ ನಿಲುವನ್ನು 2010ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. 2016ರಲ್ಲಿ ಮನೆಯನ್ನು ಕೆಡವಲಾಯಿತು. ಮರೆಮಾಚಿ ಕಟ್ಟಿದವರ ಮೇಲೆ ಅವಧಿ ಮೀರಿದರೂ ಕ್ರಮ ಕೈಗೊಳ್ಳುವ ಅವಕಾಶವನ್ನು 2011ರ ಲೋಕಲಿಸಂ ಕಾಯ್ದೆ ಸೇರಿಸಿತ್ತು.

ಚರ್ಚೆ

ಕರ್ನಾಟಕದಲ್ಲಿ ಕೃಷಿ ಜಮೀನಿನ ಪರಿವರ್ತನೆಗೆ ಜಿಲ್ಲಾಧಿಕಾರಿ, ಹಳ್ಳಿಯ ಕಟ್ಟಡ ಪರವಾನಗಿಗೆ ಗ್ರಾಮ ಪಂಚಾಯಿತಿ ಎಂದು ಎರಡು ಬಾಗಿಲು. ಇಂಗ್ಲೆಂಡಿನಲ್ಲಿ ಜಮೀನಿನ ಬಳಕೆ, ಕಟ್ಟಡದ ರೂಪ ಎರಡೂ ಒಂದೇ ಅರ್ಜಿಯಲ್ಲಿ ತೀರ್ಮಾನವಾಗುತ್ತವೆ. ಈ ಬಿಗಿ ಹೊಲ, ಬೇಲಿಸಾಲುಗಳನ್ನು ಉಳಿಸಿದೆ. ಆದರೆ ಹುಟ್ಟಿದ ಊರಿನಲ್ಲೇ ಮನೆ ಕೊಳ್ಳಲಾರದ ಸ್ಥಿತಿಗೆ ಹಳ್ಳಿಯ ಯುವಜನರನ್ನು ತಳ್ಳಿರುವ ಕಾರಣಗಳಲ್ಲಿ ಇದೂ ಒಂದು ಎಂಬ ದೂರಿದೆ. ಸ್ಥಳೀಯ ನಂಟಿರುವವರಿಗೆ ಕಡಿಮೆ ಬೆಲೆಯ ಮನೆಗಳಾದರೆ, ಬೇರೆ ಸಂದರ್ಭದಲ್ಲಿ ಒಪ್ಪದ ಊರಂಚಿನ ಜಾಗಕ್ಕೂ ಕೌನ್ಸಿಲ್‌ಗಳು ಅನುಮತಿ ಕೊಡಬಹುದು. ಕಾರ್ನ್‌ವಾಲ್‌ನ ಸೇಂಟ್ ಐವ್ಸ್ ಊರಿನವರು 2016ರ ಜನಮತದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಹೊಸ ಮನೆಗಳಲ್ಲಿ ಖಾಯಂ ವಾಸವಿರುವವರೇ ಇರಬೇಕೆಂಬ ನಿಯಮವನ್ನು ಒಪ್ಪಿದರು.