ಗುಮ್ಮಟಕ್ಕೆ ಎಷ್ಟು ಬಣ್ಣ?

ನಾನು ವಿಜಯಪುರದವನು. ಹ್ಯಾರೋದಲ್ಲಿ ಮನೆಗಳಿಗೆ ಬಣ್ಣ ಬಳಿಯೋ ಕೆಲಸ. ಬಂದ ಹೊಸದರಲ್ಲಿ ಒಬ್ಬರ ಹಿತ್ತಿಲಿನ ಮರದ ಶೆಡ್ಡಿಗೆ ಬಣ್ಣ ಹಚ್ಚಿದ್ದೆ. ಅದನ್ನು ನೋಡಿ ಪಕ್ಕದ ಮನೆಯವರೂ ಕರೆದರು. ಅವರ ಶೆಡ್ಡು ಉದ್ದ, ಅಗಲ, ಎತ್ತರ ಎಲ್ಲದರಲ್ಲೂ ಎರಡರಷ್ಟು. ಸಾಮಾನು ಸೇರಿಸಿ ಎರಡರಷ್ಟು ದುಡ್ಡು ಹೇಳಿಬಿಟ್ಟೆ. ತಂದ ಬಣ್ಣ ಅರ್ಧಕ್ಕೇ ಮುಗೀತು. ಕೊಟ್ಟ ಮಾತು ತಪ್ಪೋ ಹಾಗಿಲ್ಲ. ಆ ತಿಂಗಳು ಊರಿಗೆ ದುಡ್ಡು ಕಳಿಸಲಾಗಲಿಲ್ಲ.

ತಪ್ಪಿದ್ದು ಎಲ್ಲಿ? ಗೋಡೆಯ ಉದ್ದವೂ ಎರಡರಷ್ಟು, ಎತ್ತರವೂ ಎರಡರಷ್ಟು. ಅಂದಮೇಲೆ ಬಣ್ಣ ನಾಲ್ಕರಷ್ಟು ಬೇಕು. ಮೂರು ಪಟ್ಟು ದೊಡ್ಡದಾದರೆ ಒಂಬತ್ತರಷ್ಟು.

ದುಂಡಗಿನ ವಸ್ತುವಿಗೂ ಇದೇ ಲೆಕ್ಕವೇ? ಇದನ್ನು ಹೇಳಿಕೊಟ್ಟವರು ಭಾಸ್ಕರಾಚಾರ್ಯರು. 1114ರಲ್ಲಿ ಹುಟ್ಟಿದ ಅವರ ಊರು ಬಿಜ್ಜಡಬಿಡ. ಅದು ವಿಜಯಪುರವೇ ಅಂತ ನಮ್ಮವರು, ಅಲ್ಲ, ಮಹಾರಾಷ್ಟ್ರದ ಪಾಟಣದ ಕಡೆಯದು ಅಂತ ಬೇರೆಯವರು. ಆ ವಾದ ಇರಲಿ. 1150ರ 'ಲೀಲಾವತಿ'ಯಲ್ಲಿ ಅವರು ಹೇಳುವುದಿಷ್ಟು: ಪರಿಧಿಯ ಕಾಲುಭಾಗವನ್ನು ವ್ಯಾಸದಿಂದ ಗುಣಿಸಿದರೆ ವೃತ್ತದ ಕ್ಷೇತ್ರಫಲ, ಅದರ ನಾಲ್ಕರಷ್ಟು ಗೋಳದ ಮೈ. ಆ ಮೈಯನ್ನು ಚೆಂಡಿಗೆ ಸುತ್ತಿದ ಬಲೆಗೆ ಹೋಲಿಸುತ್ತಾರೆ. ವ್ಯಾಸ ಎರಡರಷ್ಟಾದರೆ ಪರಿಧಿಯೂ ಎರಡರಷ್ಟು, ಎರಡೆರಡ್ಲಿ ನಾಲ್ಕು. ಈ ಲೆಕ್ಕ ನಮಗಿಂತ ಮೊದಲೇ ಲಂಡನ್ನಿಗೆ ಬಂದಿತ್ತು: ಕೋಲ್‌ಬ್ರೂಕ್ ಮಾಡಿದ ಇಂಗ್ಲಿಷ್ ಅನುವಾದ 1817ರಲ್ಲಿ ಇಲ್ಲೇ ಅಚ್ಚಾಯಿತು.

ಈಗ ನಮ್ಮೂರ ಗೋಳಗುಮ್ಮಟಕ್ಕೆ ಬನ್ನಿ. ಅದು 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಸಮಾಧಿ. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಅರ್ಧಗೋಳ ಅಂತ ಹಿಡಿದರೆ ಹೊರಮೈ ಸುಮಾರು 3,040 ಚದರ ಮೀಟರ್. ವ್ಯಾಸ 22 ಮೀಟರ್ ಇದ್ದಿದ್ದರೆ ಬರೀ 760. ಗಾರೆ ಬಳಿದವರಿಗೆ ನಾಲ್ಕರಷ್ಟು ದುಡಿಮೆ!

ಇಟ್ಟಿಗೆ, ಗಾರೆಯ ತೂಕ ಇನ್ನೂ ಹೆಚ್ಚು. ದಪ್ಪವೂ ಎರಡರಷ್ಟಾದರೆ ತೂಕ ಎಂಟರಷ್ಟು, ಅದನ್ನು ಹೊರುವ ಗೋಡೆಯ ಬುಡ ಮಾತ್ರ ನಾಲ್ಕರಷ್ಟು. ಇಟಲಿಯ ಗೆಲಿಲಿಯೊ 1638ರಲ್ಲಿ ಈ ವಿಷಯವನ್ನು ಅಚ್ಚು ಮಾಡಿಸಿದಾಗ ವಿಜಯಪುರದಲ್ಲಿ ಇದೇ ಮುಹಮ್ಮದನ ಆಳ್ವಿಕೆ. ನಮ್ಮ ಕಟ್ಟಡದವರು ಆ ಪುಸ್ತಕ ಓದಿರಲಿಕ್ಕಿಲ್ಲ. ಆದರೆ ಒಂದನ್ನೊಂದು ಹಾಯುವ ಎಂಟು ಕಮಾನುಗಳ ಮೇಲೆ ಆ ಭಾರ ಕೂರಿಸಿದರು. ಅದು ಇವತ್ತಿಗೂ ನಿಂತಿದೆ.

ಚಿಕ್ಕಂದಿನಲ್ಲಿ ಅದರೊಳಗೆ ಕೂಗಿ ಪ್ರತಿಧ್ವನಿ ಕೇಳಿದ್ದೇ ಬಂತು, ಲೆಕ್ಕ ಕಲಿಯಲಿಲ್ಲ. ಹ್ಯಾರೋದ ಒಂದು ಶೆಡ್ಡು ಕಲಿಸಿತು. ಗೆಳೆಯರೇ, ಗಿರಾಕಿ 'ಸೈಜು ಡಬಲ್ ಅಷ್ಟೇ' ಅಂದರೆ, ರೇಟು ಹೇಳೋ ಮೊದಲು ಟೇಪು ಹಿಡೀರಿ.