ಎಂಟನೇ ಕ್ಲಾಸು ಮತ್ತು ಲಾರಿ ಲೈಸೆನ್ಸು

ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ 1988ರಲ್ಲಿ ಒಂದು ಕಾನೂನು ಬಂತು. ಹದಿನೆಂಟು ತುಂಬೋ ಮೊದಲೇ ಶಾಲೆ ಬಿಟ್ರೆ ಡ್ರೈವಿಂಗ್ ಲೈಸೆನ್ಸ್ ವಾಪಸ್! ಅದು ಕಲ್ಲಿದ್ದಲ ಗಣಿಗಳ ನಾಡು. ಓದಿದ ಕೂಡಲೇ ನಂಗೆ ನೆನಪಾಗಿದ್ದು ನಮ್ಮ ಸಂಡೂರು. ಯಾಕಂದ್ರೆ ಹೆಚ್ಚು ಕಮ್ಮಿ ಇಂಥದ್ದೇ ಒಂದು ಗಂಟು ನಮ್ಮಲ್ಲೂ ಇತ್ತು.

ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 8ನೇ ನಿಯಮ ಅಂತ ಒಂದಿತ್ತು. ಲಾರಿ, ಬಸ್ಸು ಓಡಿಸೋ ಲೈಸೆನ್ಸ್ ಬೇಕಂದ್ರೆ ಎಂಟನೇ ತರಗತಿ ಪಾಸಾಗಿರಬೇಕು. (ನಿಯಮನೂ ಎಂಟು, ಕ್ಲಾಸೂ ಎಂಟು :-) )

ಈಗ ಆ ಕಾಲದ ಹೊಸಪೇಟೆ ನೆನಪಿಸ್ಕೊಳ್ಳಿ. ಚೀನಾದಲ್ಲಿ 2008ರ ಒಲಿಂಪಿಕ್ಸ್ ತಯಾರಿ, ಇಲ್ಲಿ ಅದಿರಿಗೆ ಬಂಗಾರದ ಬೆಲೆ. ಸಂಡೂರಿನ ಗುಡ್ಡಗಳಿಂದ ಹೊರಟ ಲಾರಿಗಳು ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ ಬೇಲೆಕೇರಿ ಬಂದರಿನ ತನಕ ಸಾಲುಗಟ್ಟಿ ಹೋಗ್ತಿದ್ವು. ನಾವಾಗ ಪ್ರೈಮರಿ ಸ್ಕೂಲು, ಬಿಳಿ ಅಂಗಿ ಸಂಜೆಗೆ ಕೆಂಪು. ಲಾರಿ ಅಂದ್ಮೇಲೆ ಕ್ಲೀನರ್ ಬೇಕಲ್ಲ. ಡ್ರೈವರ್ ಆಗೋ ಹಳೇ ದಾರಿನೇ ಅದು. ಎಡಗಡೆ ಕೂತು "ಬರ್ಲಿ, ಬರ್ಲಿ, ಹೋಲ್ಡಾನ್" ಅಂತ ಕೂಗ್ತಾ, ಟೈರು ಬಿಚ್ತಾ ಕಲಿಯೋದು.

ತೊಡಕು ಇರೋದು ಇಲ್ಲೇ. ಲಾರಿ ಲೈಸೆನ್ಸಿಗೆ ಕಾನೂನಿನ ಪ್ರಕಾರ 20 ವರ್ಷ ತುಂಬಿರಬೇಕು. ಹದಿಮೂರಕ್ಕೆ ಶಾಲೆ ಬಿಟ್ಟ ಹುಡುಗನ ಮುಂದೆ ಎಂಟನೇ ಕ್ಲಾಸಿನ ಪ್ರಶ್ನೆ ಬರೋದು ಏಳು ವರ್ಷ ಆದ್ಮೇಲೆ, ಆರ್‌ಟಿಒ ಆಫೀಸಿನ ಕಿಟಕಿಯಲ್ಲಿ. ಈವತ್ತಿನ ತಪ್ಪಿಗೆ ಏಳು ವರ್ಷ ಬಿಟ್ಟು ಎರರ್ ಮೆಸೇಜ್ ಬಂದ್ರೆ ಯಾವ ಪ್ರೋಗ್ರಾಮರ್ ತಿದ್ಕೋತಾನೆ ಹೇಳಿ? ವೆಸ್ಟ್ ವರ್ಜೀನಿಯಾದ ಹುಡುಗನಿಗೆ ಕೈಯಲ್ಲಿರೋ ಲೈಸೆನ್ಸೇ ಹೋಗುತ್ತೆ. ನಮ್ಮವನಿಗೆ ಕಳ್ಕೊಳ್ಳೋಕೆ ಏನೂ ಇರ್ಲಿಲ್ಲ.

2010ರ ಏಪ್ರಿಲ್‌ನಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು, ಎಂಟನೇ ತರಗತಿ ಮುಗಿಯೋ ತನಕ ಯಾರನ್ನೂ ಫೇಲ್ ಮಾಡೋ ಹಾಗಿಲ್ಲ ಅಂತಾಯ್ತು. ಅಂದ್ರೆ "ಎಂಟನೇ ಪಾಸ್" ಅನ್ನೋದರ ಅರ್ಥ ಶಾಲೆ ಬಿಡದೇ ಇದ್ದ ಅಂತ ಮಾತ್ರ. ಅಷ್ಟು ಸುಲಭದ ಷರತ್ತು, ಆದ್ರೆ ಅದನ್ನ ಹದಿಮೂರರ ಹುಡುಗನಿಗೆ ಹೇಳೋರು ಯಾರು? 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ನಿಂತಲ್ಲೇ ನಿಂತವು. ಶಾಲೆ ಬಿಟ್ಟು ಕ್ಲೀನರ್ ಆಗಿದ್ದವನಿಗೆ ಲೈಸೆನ್ಸೂ ಇಲ್ಲ, ಟಿಸಿನೂ ಇಲ್ಲ.

ರಾಜ್ಯ ಸರ್ಕಾರ 2006-07ರಲ್ಲಿ ಶುರು ಮಾಡಿದ ಉಚಿತ ಸೈಕಲ್ ಯೋಜನೆ ಇದಕ್ಕೆ ತದ್ವಿರುದ್ಧವಾಗಿತ್ತು. ಅದೂ ಎಂಟನೇ ಕ್ಲಾಸಿಗೇ! ಆದ್ರೆ ಕ್ಲಾಸಿಗೆ ಬಂದ್ರೆ ಗಾಡಿ ಕೈಗೆ ಬರ್ತಿತ್ತು, ಅದೂ ಅದೇ ವರ್ಷ. ಕಂಪ್ಲಿ ಕಡೆ ಹಳ್ಳಿಯಿಂದ ದೂರದ ಹೈಸ್ಕೂಲಿಗೆ ಹೋಗೋ ಹುಡುಗೀರಿಗೆ ಇದರ ಬೆಲೆ ಬೇರೆಯವರು ಹೇಳ್ಬೇಕಿಲ್ಲ. ಷರತ್ತು ಹಾಕೋದಾದ್ರೆ ಹೀಗೆ ಹಾಕ್ಬೇಕು ಅನ್ನೋದು ನನ್ನ ವಾದ.

2019ರಲ್ಲಿ ಕೇಂದ್ರ ಆ 8ನೇ ನಿಯಮವನ್ನ ತೆಗೆದು ಹಾಕ್ತು. ಮೇವಾತ್ ಕಡೆಯ ಡ್ರೈವರ್‌ಗಳಿಗೆ ವಿನಾಯಿತಿ ಕೊಡಿ ಅಂತ ಹರಿಯಾಣ ಕೇಳಿತ್ತು. ದೇಶಕ್ಕೆ ಸುಮಾರು 22 ಲಕ್ಷ ಡ್ರೈವರ್‌ಗಳ ಕೊರತೆ ಇದೆ ಅಂತ ಸಚಿವಾಲಯವೂ ಹೇಳ್ತು. ತೆಗೆದಿದ್ದು ಸರಿ, ಬಡವನ ಹೊಟ್ಟೆ ಮೇಲೆ ಹೊಡೀತಿದ್ದ ನಿಯಮ ಅದು. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆ ಪ್ರಕಾರ ಅಪ್ರಾಪ್ತ ಹುಡುಗ ಗಾಡಿ ಓಡಿಸಿ ಅಪರಾಧ ಮಾಡಿದ್ರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಹುಡುಗನಿಗೆ 25 ತುಂಬೋ ತನಕ ಲೈಸೆನ್ಸ್ ಇಲ್ಲ. ಅವನು ಶಾಲೆಗೆ ಹೋಗ್ತಿದ್ದಾನಾ ಅಂತ ಮಾತ್ರ ಇಲ್ಲಿ ಯಾರೂ ಕೇಳಲ್ಲ.