ರೋಹನ್ ಬೋಪಣ್ಣ: ಕಾಫಿ ತೋಟದಿಂದ ನ್ಯೂಯಾರ್ಕ್ ಫೈನಲ್‌ವರೆಗೆ

ಭಾರತೀಯ ಟೆನಿಸ್‌ಗೆ ಕರ್ನಾಟಕ ನೀಡಿದ ಆಟಗಾರರ ಸಾಲಿನಲ್ಲಿ ಕೊಡಗಿನ ಮಚ್ಚಂಡ ರೋಹನ್ ಬೋಪಣ್ಣ ಅವರದು ಎದ್ದು ಕಾಣುವ ಹೆಸರು. 2017ರಲ್ಲಿ ಕೆನಡಾದ ಗ್ಯಾಬ್ರಿಯೆಲಾ ಡಬ್ರೊವ್‌ಸ್ಕಿ ಜೊತೆಗೂಡಿ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್, 2024ರ ಜನವರಿಯಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಪ್ರಶಸ್ತಿ ಗೆದ್ದ ಬೋಪಣ್ಣ, ಅದೇ ತಿಂಗಳು 43ನೇ ವಯಸ್ಸಿನಲ್ಲಿ ವಿಶ್ವದ ಅಗ್ರ ಡಬಲ್ಸ್ ಆಟಗಾರರೆನಿಸಿದರು. ಅಷ್ಟು ವಯಸ್ಸಿನಲ್ಲಿ ಆ ಸ್ಥಾನಕ್ಕೇರಿದವರು ಬೇರೊಬ್ಬರಿಲ್ಲ. ಅದೇ ವರ್ಷ ಪದ್ಮಶ್ರೀ ಗೌರವವೂ ಸಂದಿತು. 2025ರ ನವೆಂಬರ್ 1ರಂದು, ಕನ್ನಡ ರಾಜ್ಯೋತ್ಸವದ ದಿನವೇ, ಅವರು ವೃತ್ತಿಪರ ಟೆನಿಸ್‌ಗೆ ವಿದಾಯ ಹೇಳಿದರು.

ಈ ಕೊನೆಯ ಅಧ್ಯಾಯ ಎಲ್ಲರಿಗೂ ಗೊತ್ತು. ಆದರೆ ಅದಕ್ಕೂ ಮುನ್ನ, ಮೂವತ್ತು ವರ್ಷ ತುಂಬುವವರೆಗೂ ಒಂದೇ ಒಂದು ಗ್ರ್ಯಾಂಡ್ ಸ್ಲಾಂ ಫೈನಲ್ ಕಾಣದೆ, ಸಿಂಗಲ್ಸ್‌ನಲ್ಲಿ ವಿಶ್ವದ ಮೊದಲ ಇನ್ನೂರರೊಳಗೂ ಬಾರದೆ ಈ ಆಟಗಾರ ಕಳೆದ ವರ್ಷಗಳು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಪ್ರಸ್ತುತ ಲೇಖನದ ವಸ್ತು ಆ ಆರಂಭಿಕ ವರ್ಷಗಳೇ.

ಹಾಕಿ ನಾಡಿನಲ್ಲಿ ರ‍್ಯಾಕೆಟ್ ಹಿಡಿದ ಬಾಲಕ

ಬೋಪಣ್ಣ ಜನಿಸಿದ್ದು 1980ರ ಮಾರ್ಚ್ 4ರಂದು, ಬೆಂಗಳೂರಿನಲ್ಲಿ. ಬೆಳೆದದ್ದು ಕೊಡಗಿನಲ್ಲಿ. ತಂದೆ ಎಂ.ಜಿ. ಬೋಪಣ್ಣ ಕಾಫಿ ಬೆಳೆಗಾರರು, ತಾಯಿ ಮಲ್ಲಿಕಾ ಗೃಹಿಣಿ. ಕೊಡಗು ಎಂದೊಡನೆ ಕ್ರೀಡಾಸಕ್ತರ ಕಣ್ಣಮುಂದೆ ಬರುವುದು ಹಾಕಿ. ಬಿ.ಪಿ. ಗೋವಿಂದ, ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ ಅವರಿಂದ ಅರ್ಜುನ್ ಹಾಲಪ್ಪ ಅವರವರೆಗೆ ಭಾರತ ತಂಡಕ್ಕೆ ಆಟಗಾರರನ್ನು ಕೊಟ್ಟ ಪುಟ್ಟ ಜಿಲ್ಲೆಯದು. 1997ರಿಂದೀಚೆಗೆ ಕೊಡವ ಮನೆತನಗಳೇ ತಂಡ ಕಟ್ಟಿಕೊಂಡು ಆಡುವ ಕೌಟುಂಬಿಕ ಹಾಕಿ ಉತ್ಸವವೂ ಅಲ್ಲಿ ನಡೆದುಬಂದಿದೆ. ಅಂತಹ ನೆಲದಲ್ಲಿ ಹುಡುಗನೊಬ್ಬ ಟೆನಿಸ್ ರ‍್ಯಾಕೆಟ್ ಹಿಡಿದರೆ ಅದು ವಾಡಿಕೆಯಂತೂ ಅಲ್ಲ. ರೋಹನ್ ಕೂಡ ಹಾಕಿ, ಫುಟ್‌ಬಾಲ್ ಆಡುತ್ತಲೇ ಬೆಳೆದವರು. ಮಗ ತಂಡದ ಆಟಕ್ಕಿಂತ ವೈಯಕ್ತಿಕ ಕ್ರೀಡೆಯೊಂದರಲ್ಲಿ ತೊಡಗಲಿ ಎಂಬುದು ತಂದೆಯ ಇಚ್ಛೆಯಾಗಿತ್ತು. ಹೀಗಾಗಿ 11ನೇ ವಯಸ್ಸಿನಲ್ಲಿ ಟೆನಿಸ್ ಅಭ್ಯಾಸ ಆರಂಭವಾಯಿತು.

ವಿಶ್ವಮಟ್ಟದ ಟೆನಿಸ್‌ನ ಲೆಕ್ಕದಲ್ಲಿ ಹನ್ನೊಂದು ಎಂದರೆ ತಡ. ನಾಲ್ಕೈದು ವರ್ಷಕ್ಕೇ ಅಂಕಣಕ್ಕಿಳಿಯುವ ಮಕ್ಕಳ ಎದುರು ಈ ಅಂತರ ತುಂಬುವುದು ಸುಲಭದ ಮಾತಲ್ಲ. ಆಧುನಿಕ ಜಿಮ್, ಫಿಟ್‌ನೆಸ್ ತರಬೇತುದಾರರು ಇಲ್ಲದ ಊರಿನಲ್ಲಿ ಸರ್ವ್‌ಗೆ ಬಲ ಬರಲೆಂದು ಸೌದೆ ಒಡೆಯುತ್ತಿದ್ದುದನ್ನು, ದಮ್ಮು ಹೆಚ್ಚಿಸಿಕೊಳ್ಳಲು ಕಾಫಿ ತೋಟಗಳ ನಡುವೆ ಓಡುತ್ತಿದ್ದುದನ್ನು ಬೋಪಣ್ಣ ತಮ್ಮ ವಿದಾಯದ ಹೇಳಿಕೆಯಲ್ಲಿ ನೆನಪಿಸಿಕೊಂಡಿದ್ದಾರೆ. ಬಿರುಕು ಬಿಟ್ಟ ಅಂಕಣಗಳ ನೆನಪೂ ಅದರಲ್ಲಿದೆ. ಮುಂದೆ ವಿಶ್ವದ ಡಬಲ್ಸ್ ವಲಯದಲ್ಲಿ ಎದುರಾಳಿಗಳು ಅಂಜುತ್ತಿದ್ದುದು ಇದೇ ಸರ್ವ್‌ಗೆ ಎಂಬುದು ಗಮನಾರ್ಹ. ಸರ್ವ್ ಮಾಡಿ ನೆಟ್‌ನತ್ತ ನುಗ್ಗುವ ಶೈಲಿಯ ಸ್ವೀಡನ್‌ನ ಸ್ಟೆಫಾನ್ ಎಡ್‌ಬರ್ಗ್ ಅವರ ಆರಾಧ್ಯ ಆಟಗಾರ.

ಕೊಡಗಿನಲ್ಲಿ ಪೈಪೋಟಿಗೆ ಸರಿಸಮಾನರು ಸಿಗುವಂತಿರಲಿಲ್ಲ. ಹದಿಹರೆಯದಲ್ಲಿಯೇ ಮನೆ ಬಿಟ್ಟು ಪುಣೆಗೆ ತೆರಳಿದ ಅವರು ಅಲ್ಲಿ ಮಾಜಿ ಡೇವಿಸ್ ಕಪ್ ಆಟಗಾರ ನಂದನ್ ಬಾಳ್ ಅವರ ಬಳಿ ತರಬೇತಿ ಪಡೆದರು. ಬೆಂಗಳೂರಿನ ಜೈನ್ ಕಾಲೇಜಿನಲ್ಲೂ ವ್ಯಾಸಂಗ ಮಾಡಿದರು. ಟೆನಿಸ್ಸೇ ಬದುಕು ಎಂಬ ತೀರ್ಮಾನಕ್ಕೆ ಅವರು ಬಂದದ್ದು 19ನೇ ವಯಸ್ಸಿನ ಹೊತ್ತಿಗೆ. ಆ ವಯಸ್ಸಿಗೆ ಬೋರಿಸ್ ಬೆಕರ್ ಎರಡು ವಿಂಬಲ್ಡನ್ ಗೆದ್ದಾಗಿತ್ತು!

ಮೊದಲು ದೇಶ, ಆಮೇಲೆ ವೃತ್ತಿ

ದಾಖಲೆಗಳ ಪ್ರಕಾರ ಬೋಪಣ್ಣ ವೃತ್ತಿಪರರಾದದ್ದು 2003ರಲ್ಲಿ. ಆದರೆ ಭಾರತದ ಪರ ಅವರ ಡೇವಿಸ್ ಕಪ್ ಪದಾರ್ಪಣೆ ಅದಕ್ಕೂ ಒಂದು ವರ್ಷ ಮೊದಲೇ ಆಗಿತ್ತು. 2002ರ ಸೆಪ್ಟೆಂಬರ್‌ನಲ್ಲಿ ಅಡಿಲೇಡ್‌ನಲ್ಲಿ ನಡೆದ ವಿಶ್ವ ಗುಂಪಿನ ಅರ್ಹತಾ ಪಂದ್ಯದಲ್ಲಿ ಭಾರತದ ಎದುರಾಳಿ ಆಸ್ಟ್ರೇಲಿಯಾ. ಆ ವರ್ಷದ ವಿಂಬಲ್ಡನ್ ಚಾಂಪಿಯನ್ ಲೇಟನ್ ಹೆವಿಟ್ ಆ ದೇಶದ ಮುಂಚೂಣಿಯ ಆಟಗಾರ. ಭಾರತ 0-5ರಿಂದ ಸೋತಿತು. 22ರ ಹರೆಯದ ಆಟಗಾರನಿಗೆ ಇದಕ್ಕಿಂತ ಕಠಿಣ ಆರಂಭ ಸಿಗುವುದು ಕಷ್ಟ.

ಆಗ ಭಾರತದ ಟೆನಿಸ್ ಎಂದರೆ ಲಿಯಾಂಡರ್ ಪೇಸ್ ಮತ್ತು ಮಹೇಶ್ ಭೂಪತಿ. 1999ರಲ್ಲಿ ನಾಲ್ಕೂ ಗ್ರ್ಯಾಂಡ್ ಸ್ಲಾಂ ಡಬಲ್ಸ್ ಫೈನಲ್ ತಲುಪಿ, ಫ್ರೆಂಚ್ ಓಪನ್ ಮತ್ತು ವಿಂಬಲ್ಡನ್ ಗೆದ್ದ ಜೋಡಿಯದು. ಅವರಿಬ್ಬರ ನಡುವಿನ ಮುನಿಸು ಜಗಜ್ಜಾಹೀರಾದ ಮೇಲೂ ರಾಷ್ಟ್ರೀಯ ತಂಡದ ಡಬಲ್ಸ್‌ಗೆ ಅವರೇ ಗತಿ. ಹೀಗಾಗಿ ಹೊಸಬರಿಗೆ ತಂಡದಲ್ಲಿ ತೆರೆದಿದ್ದ ಬಾಗಿಲು ಸಿಂಗಲ್ಸ್‌ನದು ಮಾತ್ರ. ಬೋಪಣ್ಣ ದೇಶಕ್ಕಾಗಿ ವರ್ಷಗಟ್ಟಲೆ ಸಿಂಗಲ್ಸ್ ಆಡಿದರು.

ಆದರೆ ಸಿಂಗಲ್ಸ್ ಏಣಿಯ ಕೆಳಗಿನ ಮೆಟ್ಟಿಲುಗಳು ಬಲು ಜಾರು. ಫ್ಯೂಚರ್ಸ್ ಎಂದು ಕರೆಯಲಾಗುತ್ತಿದ್ದ ಆರಂಭಿಕ ಹಂತದ ಟೂರ್ನಿಗಳಲ್ಲಿ ಆ ದಿನಗಳಲ್ಲಿ ಒಟ್ಟು ಬಹುಮಾನವೇ 10 ಅಥವಾ 15 ಸಾವಿರ ಡಾಲರ್. ಅದನ್ನು ಸಿಂಗಲ್ಸ್‌ನ 32 ಮಂದಿ ಮತ್ತು ಡಬಲ್ಸ್ ಜೋಡಿಗಳು ಹಂಚಿಕೊಳ್ಳಬೇಕು. ವಿಮಾನ, ಹೋಟೆಲ್, ತರಬೇತುದಾರರ ವೆಚ್ಚ ಆಟಗಾರನದೇ. ಮೊದಲ ಸುತ್ತಿನಲ್ಲಿ ಸೋತವನ ಕೈಗೆ ಬರುವ ಹಣ ವಾರದ ಊಟಕ್ಕೂ ಸಾಲದು. ಅದರ ಮೇಲಿನದು ಚಾಲೆಂಜರ್ ಹಂತ. ಅದನ್ನೂ ದಾಟಿ, ರ‍್ಯಾಂಕಿಂಗ್‌ನಲ್ಲಿ ಸುಮಾರು ನೂರರೊಳಗೆ ಬಂದವರಿಗಷ್ಟೇ ಗ್ರ್ಯಾಂಡ್ ಸ್ಲಾಂ ಸಿಂಗಲ್ಸ್‌ಗೆ ನೇರ ಪ್ರವೇಶ. ಬೋಪಣ್ಣ ಈ ಏಣಿಯಲ್ಲಿ ತಲುಪಿದ ಅತ್ಯುನ್ನತ ಸ್ಥಾನ 213. ಅದು 2007ರ ಜುಲೈನಲ್ಲಿ, ಅವರ 27ನೇ ವಯಸ್ಸಿನಲ್ಲಿ. ಅರ್ಹತಾ ಸುತ್ತಿನ ಬಾಗಿಲು ತಟ್ಟಬಹುದು, ಒಳಗೆ ಕೂರಲು ಬಾರದು ಎಂಬಂತಹ ಸ್ಥಾನವದು.

ಡಬಲ್ಸ್‌ನತ್ತ ಹೊರಳಿದ ಹಾದಿ

ಅವರೊಳಗಿನ ಡಬಲ್ಸ್ ಆಟಗಾರನ ಮೊದಲ ಸುಳಿವು ಸಿಕ್ಕಿದ್ದು 2006ರ ಜನವರಿಯಲ್ಲಿ, ಚೆನ್ನೈ ಓಪನ್‌ನಲ್ಲಿ. ವಿಜಯ್ ಅಮೃತರಾಜ್ ಅವರ ಪುತ್ರ ಪ್ರಕಾಶ್ ಅಮೃತರಾಜ್ ಜೊತೆಗೂಡಿ ಬೋಪಣ್ಣ ಫೈನಲ್ ತಲುಪಿದರು. ಸ್ಲೊವಾಕಿಯಾದ ಮಿಖಾಲ್ ಮೆರ್ಟಿನಾಕ್ ಮತ್ತು ಜೆಕ್ ಗಣರಾಜ್ಯದ ಪೆಟ್ರ್ ಪಾಲಾ ಎದುರು ಸೋತರಾದರೂ ಎಟಿಪಿ ಟೂರ್ ಮಟ್ಟದಲ್ಲಿ ಅದು ಅವರ ಚೊಚ್ಚಲ ಫೈನಲ್.

ಕಾಲವೂ ಕುತೂಹಲಕರವಾಗಿತ್ತು. ಡಬಲ್ಸ್‌ಗೆ ಪ್ರೇಕ್ಷಕರಿಲ್ಲ, ಸಿಂಗಲ್ಸ್ ತಾರೆಯರಿಗೇ ಅದರಲ್ಲೂ ಆದ್ಯತೆ ಕೊಡಬೇಕು ಎಂದು ಎಟಿಪಿ 2005ರಲ್ಲಿ ಯೋಜನೆ ಮುಂದಿಟ್ಟಾಗ ಡಬಲ್ಸ್ ಪರಿಣತರು ಅಮೆರಿಕದಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ್ದರು. ಕೊನೆಗೆ ರಾಜಿಯಾಯಿತು. ಡಬಲ್ಸ್ ಉಳಿಯಿತು, ನಿಯಮ ಬದಲಾಯಿತು. 40-40 ಆದಾಗ ಒಂದೇ ನಿರ್ಣಾಯಕ ಪಾಯಿಂಟ್. ಮೂರನೇ ಸೆಟ್‌ಗೆ ಬದಲು ಹತ್ತು ಪಾಯಿಂಟ್‌ಗಳ ಟೈಬ್ರೇಕರ್. ಗ್ರ್ಯಾಂಡ್ ಸ್ಲಾಂಗಳು ಈ ಬದಲಾವಣೆಯಿಂದ ಹೊರಗುಳಿದವು. ಪಂದ್ಯಗಳು ಚಿಕ್ಕದಾದವು, ಒಂದೊಂದು ಸರ್ವ್‌ನ ಬೆಲೆ ಏರಿತು. ಸೌದೆ ಒಡೆದು ಬಲಗೊಂಡ ತೋಳಿಗೆ ಇದಕ್ಕಿಂತ ಒಪ್ಪುವ ನಿಯಮ ಬೇರೊಂದಿರಲಿಕ್ಕಿಲ್ಲ.

2007ರ ಜನವರಿಯಲ್ಲಿ ಪರ್ತ್‌ನಲ್ಲಿ ನಡೆದ ಹಾಪ್‌ಮನ್ ಕಪ್ ಮಿಶ್ರ ತಂಡ ಟೂರ್ನಿಯಲ್ಲಿ ಸಾನಿಯಾ ಮಿರ್ಜಾ ಜೊತೆ ಬೋಪಣ್ಣ ಭಾರತವನ್ನು ಪ್ರತಿನಿಧಿಸಿದರು. ಅದೇ ವರ್ಷ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಅವರ ಜೊತೆಗಾರರಾದರು. ಲಾಹೋರ್‌ನ ಖುರೇಷಿ ಬೋಪಣ್ಣ ಅವರಿಗಿಂತ ಕೇವಲ 13 ದಿನ ಚಿಕ್ಕವರು. ಇಬ್ಬರ ಸ್ಥಿತಿಯೂ ಒಂದೇ: ತಾಯ್ನಾಡಿನಲ್ಲಿ ಹೆಸರು, ವಿಶ್ವ ಟೆನಿಸ್‌ನಲ್ಲಿ ಪರಿಚಯವಿಲ್ಲ. ಆ ವರ್ಷ ಈ ಜೋಡಿ ನಾಲ್ಕು ಚಾಲೆಂಜರ್ ಪ್ರಶಸ್ತಿಗಳನ್ನು ಬಾಚಿಕೊಂಡಿತು.

ಮೊದಲ ಎಟಿಪಿ ಪ್ರಶಸ್ತಿ ಮಾತ್ರ ಬೇರೊಬ್ಬ ಜೊತೆಗಾರನೊಂದಿಗೆ ಬಂತು. 2008ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅಮೆರಿಕದ ಎಡಗೈ ಆಟಗಾರ ಎರಿಕ್ ಬುಟೊರಾಕ್ ಜೊತೆ ಆಡಿದ ಬೋಪಣ್ಣ, ಫೈನಲ್‌ನಲ್ಲಿ ಟ್ರಾವಿಸ್ ಪ್ಯಾರಟ್ ಮತ್ತು ದುಸಾನ್ ವೆಮಿಚ್ ಜೋಡಿಯನ್ನು ಮಣಿಸಿದರು. ಆಗ ಅವರಿಗೆ 28 ವರ್ಷ. ಅದೇ ತಿಂಗಳು ಬೀಜಿಂಗ್ ಒಲಿಂಪಿಕ್ಸ್‌ನ ಪುರುಷರ ಡಬಲ್ಸ್‌ನಲ್ಲಿ ಭಾರತದ ಪರ ಕಣಕ್ಕಿಳಿದವರು ಪೇಸ್ ಮತ್ತು ಭೂಪತಿಯೇ.

2010: ಇಂಡೋ-ಪಾಕ್ ಎಕ್ಸ್‌ಪ್ರೆಸ್

ಬೋಪಣ್ಣ ಅವರ ವೃತ್ತಿಜೀವನದ ದಿಕ್ಕು ಬದಲಿಸಿದ್ದು 2010. ಮತ್ತೆ ಖುರೇಷಿ ಜೊತೆಯಾದ ಅವರು ಫೆಬ್ರುವರಿಯಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಪ್ರಶಸ್ತಿ ಗೆದ್ದರು. ಸೋತವರು ಸ್ಲೊವಾಕಿಯಾದ ಕರೋಲ್ ಬೆಕ್ ಮತ್ತು ಇಸ್ರೇಲ್‌ನ ಹರೇಲ್ ಲೆವಿ. ಭಾರತ, ಪಾಕಿಸ್ತಾನ, ಇಸ್ರೇಲ್ ಒಂದೇ ಅಂಕಣದಲ್ಲಿ ಸೇರಿದ ಈ ಫೈನಲ್‌ನಲ್ಲಿ ಚೆಂಡಿನ ಹೊರತು ಬೇರೇನೂ ಹಾರಲಿಲ್ಲ. ಬೇಸಿಗೆಯಲ್ಲಿ ವಿಂಬಲ್ಡನ್ ಕ್ವಾರ್ಟರ್ ಫೈನಲ್. ಮುಂಬೈ ದಾಳಿಯ ನಂತರ ಎರಡೂ ದೇಶಗಳ ನಡುವಿನ ಸಂಬಂಧ ಹದಗೆಟ್ಟು, ಕ್ರಿಕೆಟ್ ಸರಣಿಗಳೇ ನಿಂತುಹೋಗಿದ್ದ ಕಾಲವದು. ‘ಯುದ್ಧ ನಿಲ್ಲಿಸಿ, ಟೆನಿಸ್ ಆರಂಭಿಸಿ’ ಎಂಬ ಘೋಷಣೆಯೊಂದಿಗೆ ಇಬ್ಬರೂ ಶಾಂತಿಯ ಅಭಿಯಾನಕ್ಕಿಳಿದರು. ಎಟಿಪಿ ಆ ವರ್ಷದ ಆರ್ಥರ್ ಆಷ್ ಮಾನವೀಯ ಪ್ರಶಸ್ತಿಯನ್ನು ಈ ಜೋಡಿಗೆ ನೀಡಿತು.

ಘೋಷಣೆಗೆ ಆಟದ ಬೆಂಬಲ ಇಲ್ಲದಿದ್ದರೆ ಯಾರೂ ಕಿವಿಗೊಡುತ್ತಿರಲಿಲ್ಲ. ಆ ಬೆಂಬಲ ಸಿಕ್ಕಿದ್ದು ಅಮೆರಿಕ ಓಪನ್‌ನಲ್ಲಿ. 16ನೇ ಶ್ರೇಯಾಂಕದ ಜೋಡಿ ಎರಡನೇ ಶ್ರೇಯಾಂಕದ ಡೇನಿಯಲ್ ನೆಸ್ಟರ್-ನೆನಾದ್ ಜಿಮೊಂಜಿಚ್ ಅವರಿಗೆ ಆಘಾತ ನೀಡಿತು. ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾದ ಎಡ್ವರ್ಡೊ ಶ್ವಾಂಕ್-ಹೊರಾಸಿಯೊ ಜೆಬಾಲೊಸ್ ಮಣಿದರು. ಸೆಪ್ಟೆಂಬರ್ 10ರ ಫೈನಲ್‌ನಲ್ಲಿ ಎದುರಿಗಿದ್ದವರು ಅಗ್ರ ಶ್ರೇಯಾಂಕದ ಅವಳಿ ಸಹೋದರರಾದ ಬಾಬ್ ಮತ್ತು ಮೈಕ್ ಬ್ರಯಾನ್. ವಿಶ್ವಸಂಸ್ಥೆಯಲ್ಲಿನ ಭಾರತ ಮತ್ತು ಪಾಕಿಸ್ತಾನದ ರಾಯಭಾರಿಗಳು ಪ್ರೇಕ್ಷಕರ ನಡುವೆ ಒಟ್ಟಿಗೆ ಕುಳಿತಿದ್ದರು. ಫಲಿತಾಂಶ 7-6, 7-6. ಎರಡೂ ಸೆಟ್‌ಗಳಲ್ಲಿ ಟೈಬ್ರೇಕರ್‌ವರೆಗೆ ಬ್ರಯಾನ್ ಸಹೋದರರಿಗೆ ಸರಿಗಟ್ಟಿ ನಿಂತು, ಕೆಲವೇ ಪಾಯಿಂಟ್‌ಗಳ ಅಂತರದಲ್ಲಿ ಸೋತ ಪಂದ್ಯವದು.

ಒಂದೇ ವಾರದಲ್ಲಿ ಚೆನ್ನೈಗೆ

ಆ ಸೋಲಿನ ಆಯಾಸ ಆರುವ ಮೊದಲೇ, ಸೆಪ್ಟೆಂಬರ್ 17ರಂದು, ಬೋಪಣ್ಣ ಚೆನ್ನೈ ಅಂಕಣದಲ್ಲಿದ್ದರು. ಡೇವಿಸ್ ಕಪ್ ವಿಶ್ವ ಗುಂಪಿನಲ್ಲಿ ಉಳಿಯಲು ಭಾರತ ಬ್ರೆಜಿಲ್ ಅನ್ನು ಸೋಲಿಸಬೇಕಿತ್ತು. ವಿಪರ್ಯಾಸವೆಂದರೆ, ಆಗಷ್ಟೇ ಗ್ರ್ಯಾಂಡ್ ಸ್ಲಾಂ ಡಬಲ್ಸ್ ಫೈನಲ್ ಆಡಿ ಬಂದ ಆಟಗಾರನಿಗೆ ತಂಡದಲ್ಲಿ ಸಿಕ್ಕಿದ ಹೊಣೆ ಡಬಲ್ಸ್‌ನದಲ್ಲ, ಎರಡು ಸಿಂಗಲ್ಸ್‌ಗಳದು. ಮೊದಲ ದಿನ ಥಾಮಜ್ ಬೆಲ್ಲುಚಿ ಎದುರಿನ ಪಂದ್ಯ ಐದನೇ ಸೆಟ್‌ನಲ್ಲಿ 8-10ರವರೆಗೆ ಎಳೆದು, ಬೋಪಣ್ಣ ಸೋತರು. ಸೋಮ್‌ದೇವ್ ದೇವ್‌ವರ್ಮನ್ ಕೂಡ ಐದು ಸೆಟ್‌ಗಳಲ್ಲಿ ರಿಕಾರ್ಡೊ ಮೆಲೊಗೆ ಶರಣಾದರು. ಭಾರತ 0-2.

ಶನಿವಾರ ಪೇಸ್-ಭೂಪತಿ ಡಬಲ್ಸ್ ಗೆದ್ದರು. ಭಾನುವಾರ ಬಿಸಿಲಿನ ಬೇಗೆಯಲ್ಲಿ ಬೆಲ್ಲುಚಿ ಪಂದ್ಯದ ನಡುವೆಯೇ ನಿವೃತ್ತರಾದಾಗ ಸ್ಕೋರು 2-2 ಆಯಿತು. ಉಳಿದದ್ದು ಕೊನೆಯ ಸಿಂಗಲ್ಸ್; ಮೆಲೊ ಎದುರು ಬೋಪಣ್ಣ. ಎಂಟು ವರ್ಷಗಳ ಹಿಂದೆ ಅಡಿಲೇಡ್‌ನಲ್ಲಿ ಆರಂಭವಾದ ಸಿಂಗಲ್ಸ್ ಪಯಣಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ಎದುರಾಗಿರಲಿಲ್ಲ. ಬೋಪಣ್ಣ ಒಂದು ಸೆಟ್ ಕೂಡ ಬಿಟ್ಟುಕೊಡದೆ, 6-3, 7-6, 6-3ರಿಂದ ಗೆದ್ದರು. ಭಾರತ 3-2ರಿಂದ ಜಯಿಸಿ, 2011ರ ವಿಶ್ವ ಗುಂಪಿನಲ್ಲಿ ಸ್ಥಾನ ಉಳಿಸಿಕೊಂಡಿತು.